ಕೈಕಾಲಿಗೆ ಬಲವಿದೆ, ಎಡಗಡೆಯ ಲೋಕವೇ ಇಲ್ಲ: ಪೆರೈಟಲ್ ಲೋಬ್‌ಗೆ ಪೆಟ್ಟಾದಾಗ

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಹತ್ತಿರದ ಕಾಫಿ ತೋಟ. ತಂದೆಗೆ 66 ವರ್ಷ. ಆರು ವಾರದ ಹಿಂದೆ ಸ್ಟ್ರೋಕ್ ಆಯಿತು. ಎಂಆರ್‌ಐ ವರದಿಯಲ್ಲಿ ಮೆದುಳಿನ ಬಲಗಡೆಯ ಪೆರೈಟಲ್ ಲೋಬ್‌ನಲ್ಲಿ ಇನ್‌ಫಾರ್ಕ್ಟ್ ಎಂದಿದೆ. ಕೈಕಾಲಿನ ಬಲ ಬಹುತೇಕ ಸರಿಯಿದೆ, ಮಾತು ಸ್ಪಷ್ಟ, ನೆನಪೂ ಚೆನ್ನಾಗಿದೆ. ಆದರೆ ತಟ್ಟೆಯ ಎಡಗಡೆಯ ಊಟ ಹಾಗೇ ಬಿಡುತ್ತಾರೆ, ಎಡ ಭುಜ ಬಾಗಿಲಿಗೆ ಹೊಡೆಯುತ್ತದೆ, ಅಂಗಿಯ ಒಂದೇ ತೋಳು ಹಾಕಿಕೊಂಡು ಹೊರಡುತ್ತಾರೆ. ಕೇಳಿದರೆ ‘ನನಗೇನೂ ಆಗಿಲ್ಲ’ ಎಂದು ರೇಗುತ್ತಾರೆ, ಜೀಪಿನ ಕೀ ಕೇಳುತ್ತಾರೆ. ಇದು ಹಟವೇ, ಮನಸ್ಸಿನ ಕಾಯಿಲೆಯೇ? ಈ ಲೋಬ್‌ನ ಕೆಲಸವೇನು? ಎಡಗಡೆಯದಕ್ಕೆ ಪೆಟ್ಟಾಗಿದ್ದರೆ ಹೇಗಿರುತ್ತಿತ್ತು? ಸರಿಹೋಗುತ್ತದೆಯೇ? ಹಂದಿ ಮಾಂಸದಿಂದ ಮೆದುಳಿಗೆ ಹುಳು ಹೋಗಿ ಹೀಗಾಗುತ್ತದೆ ಎಂದು ನೆಂಟರು ಹೇಳುತ್ತಾರೆ. ನಿಜವೇ?

ಉತ್ತರ:

ಹಟವೂ ಅಲ್ಲ, ಮನಸ್ಸಿನ ಕಾಯಿಲೆಯೂ ಅಲ್ಲ. ಬಿಟ್ಟ ಊಟ, ಬಾಗಿಲಿಗೆ ತಾಗುವ ಭುಜ, ಹಾಕದೆ ಉಳಿದ ತೋಳು, ಇವೆಲ್ಲ ಬಲ ಪೆರೈಟಲ್ ಲೋಬ್‌ಗೆ ಪೆಟ್ಟಾದಾಗ ಬರುವ ಒಂದೇ ತೊಂದರೆಯ ಬೇರೆ ಬೇರೆ ರೂಪಗಳು. ಎಡಗಡೆಗೆ ಗಮನವೇ ಹೋಗದ ಈ ತೊಂದರೆಯನ್ನು ಮುಂದೆ ‘ಅಲಕ್ಷ್ಯ’ ಎಂದು ಕರೆಯುತ್ತೇನೆ. ‘ನನಗೇನೂ ಆಗಿಲ್ಲ’ ಎಂಬ ಮಾತೂ ಅದರಲ್ಲೇ ಸೇರಿದೆ. ವಿವರಕ್ಕೆ ಹೋಗುವ ಮೊದಲು ಎರಡು ಕೆಲಸ ಮಾಡಿ. ಜೀಪಿನ ಕೀ ಕೊಡಬೇಡಿ. ಮನೆಯಲ್ಲಿ ಕೋವಿ ಇದ್ದರೆ ಇವತ್ತೇ ಬೀಗದಲ್ಲಿಟ್ಟು, ಗುಂಡನ್ನು ಬೇರೆ ಕಡೆ ಇಟ್ಟು, ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೈಯಲ್ಲಿ ಬಲ ಇದೆ ಎಂಬುದು ಈ ಕಾಯಿಲೆಯಲ್ಲಿ ಸುರಕ್ಷತೆಯ ಅಳತೆಯಲ್ಲ. ಈ ಒಂದು ಮಾತು ಮನೆಯವರಿಗೆಲ್ಲ ಮನದಟ್ಟಾದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.

ಈಗ ಜಾಗದ ವಿಷಯ. ನೆತ್ತಿಯ ಹಿಂಭಾಗದಿಂದ ಕಿವಿಯ ಮೇಲ್ಭಾಗದ ಕಡೆಗೆ ಇಳಿಯುವ ಪ್ರದೇಶದ ಒಳಗೆ, ಎರಡೂ ಬದಿಗೆ ಒಂದೊಂದು ಪೆರೈಟಲ್ ಲೋಬ್ ಇದೆ. ಅದರ ಮುಂದಿನ ಅಂಚು ಸೆಂಟ್ರಲ್ ಸಲ್ಕಸ್ ಎಂಬ ಆಳವಾದ ಮಡಿಕೆ. ಮಡಿಕೆಯ ಮುಂದಿರುವ ಪಟ್ಟಿ ಚಲನೆಗೆ ಆಜ್ಞೆ ಕೊಡುತ್ತದೆ, ಹಿಂದಿರುವ ಪಟ್ಟಿ ಸ್ಪರ್ಶವನ್ನು ಸ್ವೀಕರಿಸುತ್ತದೆ. ನಿಮ್ಮ ತಂದೆಗೆ ಪೆಟ್ಟಾಗಿರುವುದು ಈ ಮಡಿಕೆಯ ಹಿಂದೆ, ಅದಕ್ಕೇ ಕೈಕಾಲಿನ ಬಲ ಉಳಿದಿದೆ. ಲಕ್ವ ಎಂದರೆ ಕೈಕಾಲು ಬಿದ್ದುಹೋಗುವುದು ಎಂದೇ ನಾವೆಲ್ಲ ತಿಳಿದಿರುವುದರಿಂದ, ಕೈ ಎತ್ತಬಲ್ಲ ರೋಗಿಗೆ ಆಗಿದ್ದು ‘ಸಣ್ಣ ಸ್ಟ್ರೋಕ್’ ಎಂದುಕೊಳ್ಳುವುದು ಸಹಜ. ಆಸ್ಪತ್ರೆಗಳಲ್ಲಿ ಸ್ಟ್ರೋಕ್‌ನ ತೀವ್ರತೆ ಅಳೆಯುವ ಎನ್‌ಐಎಚ್‌ಎಸ್‌ಎಸ್ ಮಾಪಕವೂ ಇದೇ ಕಡೆಗೆ ವಾಲಿದೆ. ಅದರ ಒಟ್ಟು 42 ಅಂಕಗಳಲ್ಲಿ ಭಾಷೆಗೆ ಸಂಬಂಧಿಸಿದವು 7, ಒಂದು ಬದಿಯನ್ನೇ ಮರೆಯುವ ತೊಂದರೆಗೆ ಇರುವುದು ಬರೀ 2. ಹೀಗಾಗಿ ಬಲ ಪೆರೈಟಲ್ ಸ್ಟ್ರೋಕ್ ಕಾಗದದ ಮೇಲೆ ಹಗುರವಾಗಿ ಕಂಡರೂ ಮನೆಗೆ ಬಂದ ಮೇಲೆ ಭಾರವಾಗುತ್ತದೆ.

ಸ್ಪರ್ಶದ ಪಟ್ಟಿಯಲ್ಲಿ ದೇಹದ ನಕ್ಷೆ ತಲೆಕೆಳಗಾಗಿ ಇದೆ. ಕಾಲು ಮೇಲೆ, ಎರಡು ಅರ್ಧಗೋಳಗಳ ನಡುವಿನ ಸೀಳಿನಲ್ಲಿ. ಅಲ್ಲಿಂದ ಕೆಳಗಿಳಿದಂತೆ ಮುಂಡ, ತೋಳು, ಕೈ, ಕೊನೆಗೆ ಮುಖ ಮತ್ತು ನಾಲಿಗೆ. ಬೆರಳು ಮತ್ತು ತುಟಿಗೆ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಹೆಚ್ಚು. 1930ರ ದಶಕದಲ್ಲಿ ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ರೋಗಿಗಳ ಮೆದುಳಿಗೆ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟು ಎಲ್ಲೆಲ್ಲಿ ಜುಮ್ಮೆನ್ನುತ್ತದೆ ಎಂದು ಕೇಳಿ ಕೇಳಿ ಈ ನಕ್ಷೆ ಬರೆದರು. ಬಲ ಲೋಬ್ ನೋಡಿಕೊಳ್ಳುವುದು ದೇಹದ ಎಡಭಾಗವನ್ನು.

ಈ ಪಟ್ಟಿಗೆ ಪೆಟ್ಟಾದರೆ ಮುಟ್ಟಿದ್ದು ಗೊತ್ತಾಗುವುದೇ ಇಲ್ಲ ಎಂದು ತಿಳಿಯಬೇಡಿ. ಮುಟ್ಟಿದ್ದು, ಚುಚ್ಚಿದ್ದು, ಬಿಸಿ ತಣ್ಣಗೆ, ಇವು ಮೆದುಳಿನ ಆಳದಲ್ಲಿರುವ ಥಾಲಮಸ್‌ವರೆಗೆ ತಲುಪುವುದರಿಂದ ಒರಟಾಗಿ ತಿಳಿಯುತ್ತಲೇ ಇರುತ್ತವೆ. ಕಳೆದುಹೋಗುವುದು ಮುಟ್ಟಿದ್ದನ್ನು ಓದುವ ಶಕ್ತಿ. ಕಣ್ಣು ಮುಚ್ಚಿಸಿ ಎಡ ಅಂಗೈಯಲ್ಲಿ ಒಂದು ಕಾಫಿ ಬೀಜ, ಒಂದು ಏಲಕ್ಕಿ, ಒಂದು ಕಾಳುಮೆಣಸು, ಒಂದು ನಾಣ್ಯ ಹೀಗೆ ಒಂದೊಂದಾಗಿ ಇಟ್ಟು ಏನೆಂದು ಕೇಳಿ. ಹುಟ್ಟಿದಾಗಿನಿಂದ ತೋಟದಲ್ಲೇ ಬೆಳೆದವರು ಬಲಗೈಯಲ್ಲಿ ಕ್ಷಣದಲ್ಲಿ ಹೇಳುತ್ತಾರೆ. ಎಡಗೈಯಲ್ಲಿ ‘ಏನೋ ಇದೆ, ಗಟ್ಟಿಯಾಗಿದೆ’ ಎಂದಷ್ಟೇ ಹೇಳಿದರೆ ಅದು ಪೆರೈಟಲ್ ಸ್ಪರ್ಶನಷ್ಟ. ಅಂಗೈ ಮೇಲೆ ಪೆನ್ನಿನ ಮುಚ್ಚಳದಿಂದ 3, 5, 8 ಎಂದು ದೊಡ್ಡದಾಗಿ ಬರೆದರೂ ಓದಲಾಗುವುದಿಲ್ಲ. ಹೆಬ್ಬೆರಳನ್ನು ಎರಡು ಪಕ್ಕದಿಂದ ಹಿಡಿದು ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಯಾವ ಕಡೆಗೆ ಹೋಯಿತೆಂದು ತಪ್ಪು ಹೇಳುತ್ತಾರೆ. ನೋಡುತ್ತಿರುವಷ್ಟು ಹೊತ್ತು ಲೋಟ ಹಿಡಿದುಕೊಂಡಿದ್ದು, ಕಣ್ಣು ಬೇರೆಡೆ ಹೊರಳಿದ ಕೂಡಲೇ ಬೀಳಿಸುವುದು ಇದೇ ಕಾರಣಕ್ಕೆ. ಬಲ ಸಾಲದೆ ಬಿದ್ದದ್ದಲ್ಲ, ಕೈಯಿಂದ ಬರಬೇಕಾದ ಸುದ್ದಿ ನಿಂತು ಬಿದ್ದದ್ದು. ಸ್ಪಂಜು ಹಿಸುಕುವ ವ್ಯಾಯಾಮ ಇದಕ್ಕೆ ಹೆಚ್ಚು ಉಪಯೋಗವಿಲ್ಲ. ಅಕ್ಕಿ ತುಂಬಿದ ಪಾತ್ರೆಯಲ್ಲಿ ಕಾಫಿ ಬೀಜ, ಗುಂಡಿ, ಕೀಲಿ ಹೂತಿಟ್ಟು ಎಡಗೈಯಿಂದ ಹುಡುಕಿಸಿ. ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ, ದಿನಕ್ಕೆ ಎರಡು ಸಲ, ಹದಿನೈದು ನಿಮಿಷ.

ಸ್ಪರ್ಶದ ಪಟ್ಟಿಯಿಂದ ಹಿಂದಕ್ಕೆ ಹೋದರೆ ಲೋಬ್‌ನ ಹೆಚ್ಚು ಜಟಿಲವಾದ ಭಾಗ ಬರುತ್ತದೆ. ಮೇಲಿನ ಅರ್ಧ, ನೋಡಿದ ವಸ್ತುವಿನ ಕಡೆಗೆ ಕೈಯನ್ನು ಸರಿಯಾಗಿ ಒಯ್ಯುತ್ತದೆ. ಕೈಕಾಲು ಈಗ ಎಲ್ಲಿವೆ ಎಂಬ ಲೆಕ್ಕ ಇಡುತ್ತದೆ. ಕೆಳಗಿನ ಅರ್ಧದಲ್ಲಿ ಸುಪ್ರಾಮಾರ್ಜಿನಲ್ ಜೈರಸ್ ಮತ್ತು ಆಂಗುಲರ್ ಜೈರಸ್ ಎಂಬ ಎರಡು ಸುರುಳಿಗಳಿವೆ. ಕಣ್ಣು, ಕಿವಿ, ಚರ್ಮ ಮೂರರಿಂದ ಬಂದ ಸುದ್ದಿ ಕೂಡುವುದು ಇಲ್ಲಿ. ಬಲಗಡೆ ಈ ಭಾಗ ಸುತ್ತಲಿನ ಜಾಗದ ಕಡೆಗೆ ಗಮನ ಹರಿಸುತ್ತದೆ, ಎಡಗಡೆ ಭಾಷೆ, ಲೆಕ್ಕ, ಕಲಿತ ಕೈಚಳಕ ಇವುಗಳನ್ನು ನಡೆಸುತ್ತದೆ. ಹೊರಮೈಗೆ ರಕ್ತ ಬಹುಪಾಲು ಬರುವುದು ಮಿಡಲ್ ಸೆರೆಬ್ರಲ್ ಆರ್ಟರಿ ಎಂಬ ರಕ್ತನಾಳದ ಕವಲುಗಳಿಂದ. ಹೃದಯದಿಂದ ಹೊರಟ ಹೆಪ್ಪು ಹೆಚ್ಚಾಗಿ ಬಂದು ಸಿಕ್ಕಿಕೊಳ್ಳುವ ದಾರಿಯೂ ಅದೇ.

ಎಡಬದಿಯ ಅಲಕ್ಷ್ಯ ಬಲ ಲೋಬ್‌ನ ಪೆಟ್ಟಿನಲ್ಲೇ ಏಕೆ ಇಷ್ಟು ತೀವ್ರ? ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಹೀಗಿದೆ. ಎಡ ಅರ್ಧಗೋಳ ಬಲಗಡೆಯ ಜಾಗವನ್ನಷ್ಟೇ ಗಮನಿಸುತ್ತದೆ, ಬಲ ಅರ್ಧಗೋಳ ಎರಡೂ ಕಡೆಯನ್ನು ಗಮನಿಸುತ್ತದೆ. ಎಡದ್ದು ಕೆಟ್ಟರೆ ಬಲದ್ದು ಎರಡನ್ನೂ ಸಂಭಾಳಿಸುತ್ತದೆ. ಬಲದ್ದು ಕೆಟ್ಟರೆ ಎಡಗಡೆಯನ್ನು ಕಾಯಲು ಯಾರೂ ಉಳಿಯುವುದಿಲ್ಲ. ಇದು ಕಣ್ಣಿನ ದೋಷವಲ್ಲ. ದೃಷ್ಟಿಯ ಎಡಭಾಗ ಮಾತ್ರ ಹೋದವರಿಗೆ ಅದು ಹೋಗಿದೆ ಎಂದು ಗೊತ್ತಿರುತ್ತದೆ, ಅವರು ತಲೆ ತಿರುಗಿಸಿ ನೋಡಿಕೊಳ್ಳುತ್ತಾರೆ. ಅಲಕ್ಷ್ಯ ಇರುವವರಿಗೆ ತಿರುಗಬೇಕು ಎಂದೇ ಅನ್ನಿಸುವುದಿಲ್ಲ, ಅಲ್ಲಿ ಏನೋ ಇರಬೇಕಿತ್ತು ಎಂಬ ಕೊರತೆಯೂ ಕಾಡುವುದಿಲ್ಲ.

ನೆನಪಿನಲ್ಲಿರುವ ಜಾಗಕ್ಕೂ ಇದು ತಟ್ಟುತ್ತದೆ. 1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಟ್ಸಾಟಿ ಎಂಬ ವಿಜ್ಞಾನಿಗಳು ಮಿಲಾನ್‌ನ ಇಬ್ಬರು ರೋಗಿಗಳಿಗೆ, ಅವರಿಗೆ ಚಿರಪರಿಚಿತವಾದ ಕೆಥೆಡ್ರಲ್ ಚೌಕವನ್ನು ಕಣ್ಣಮುಂದೆ ತಂದುಕೊಂಡು ವರ್ಣಿಸಲು ಹೇಳಿದರು. ರೋಗಿಗಳು ಬಲಗಡೆಯ ಕಟ್ಟಡಗಳನ್ನಷ್ಟೇ ಹೇಳಿದರು. ಚೌಕದ ಎದುರು ತುದಿಯಲ್ಲಿ ನಿಂತಂತೆ ಕಲ್ಪಿಸಿಕೊಳ್ಳಿ ಎಂದಾಗ, ಮೊದಲು ಬಿಟ್ಟಿದ್ದವೆಲ್ಲ ಬಾಯಿಗೆ ಬಂದವು, ಮೊದಲು ಹೇಳಿದ್ದವು ಬಿಟ್ಟುಹೋದವು. ಇದನ್ನು ನೀವೂ ಮಾಡಿ ನೋಡಬಹುದು. ಗೇಟಿನಿಂದ ಮನೆಯ ಕಡೆ ನಡೆದು ಬರುತ್ತಿದ್ದೀರಿ, ಎರಡೂ ಪಕ್ಕದಲ್ಲಿ ಏನೇನಿದೆ ಹೇಳಿ ಎಂದು ತಂದೆಯನ್ನು ಕೇಳಿ. ಕಣ, ಪಲ್ಪರ್ ಶೆಡ್, ಕಾರ್ಮಿಕರ ಲೈನ್ ಮನೆ, ಕೆರೆ, ಯಾವುದು ಬಂತು ಯಾವುದು ಬಿಟ್ಟುಹೋಯಿತು ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ಮನೆಯಿಂದ ಗೇಟಿಗೆ ಹೋಗುವಂತೆ ಕೇಳಿ. ನೆನಪು ಹೋಗಿಲ್ಲ ಎಂಬುದು ನಿಮಗೇ ತಿಳಿಯುತ್ತದೆ. ‘ಅಪ್ಪ ಮರೆಗುಳಿಯಾಗಿದ್ದಾರೆ’ ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿದ್ದರೆ ಅದನ್ನು ನಿಲ್ಲಿಸಲು ಇದೊಂದು ಸಾಕು.

ತೊಂದರೆ ಎಷ್ಟಿದೆ, ಕಡಿಮೆಯಾಗುತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಎರಡು ಸಣ್ಣ ಪರೀಕ್ಷೆ ಸಾಕು. ಹಾಳೆಯನ್ನು ಅಡ್ಡಡ್ಡ ಇಟ್ಟು 20 ಸೆಂಟಿಮೀಟರಿನ ಗೆರೆ ಎಳೆದು, ಸರಿಯಾಗಿ ಮಧ್ಯಕ್ಕೆ ಗುರುತು ಹಾಕಲು ಹೇಳಿ. ಹಾಳೆ ಅವರ ಎದೆಯ ನೇರಕ್ಕಿರಲಿ, ಗೆರೆಯ ಎಡ ತುದಿಯನ್ನು ನೀವು ತೋರಿಸಬೇಡಿ. ಐದು ಗೆರೆಗಳಲ್ಲಿ ಮತ್ತೆ ಮತ್ತೆ ಗುರುತು ಒಂದು ಸೆಂಟಿಮೀಟರಿಗಿಂತ ಹೆಚ್ಚು ಬಲಕ್ಕೆ ಸರಿದರೆ ಅಲಕ್ಷ್ಯ ಇನ್ನೂ ಇದೆ. ಇನ್ನೊಂದು ಹಾಳೆಯ ತುಂಬ ಐವತ್ತು ಸಣ್ಣ ಸೊನ್ನೆಗಳನ್ನು ಚದುರಿಸಿ ಬರೆದು ಎಲ್ಲವನ್ನೂ ಹೊಡೆದುಹಾಕಲು ಹೇಳಿ. ಎಡ ಅರ್ಧದಲ್ಲಿ ಎಷ್ಟು ಉಳಿದವು ಎಣಿಸಿ. ದಿನಾಂಕ ಬರೆದು ಹಾಳೆಗಳನ್ನು ಜೋಪಾನ ಮಾಡಿ. ಮುಂದಿನ ಭೇಟಿಯಲ್ಲಿ ‘ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ’ ಎನ್ನುವುದಕ್ಕಿಂತ ಈ ಹಾಳೆಗಳು ನ್ಯೂರಾಲಜಿಸ್ಟ್‌ಗೆ ಹೆಚ್ಚು ಹೇಳುತ್ತವೆ. ಇನ್ನೊಂದು ವಿಷಯ ಗಮನಿಸಿ. ಎಡಗೈಯನ್ನು ಮಾತ್ರ ಮುಟ್ಟಿದರೆ ‘ಎಡ’ ಎನ್ನುತ್ತಾರೆ, ಎರಡನ್ನೂ ಒಟ್ಟಿಗೆ ಮುಟ್ಟಿದರೆ ‘ಬಲ’ ಎಂದಷ್ಟೇ ಹೇಳುತ್ತಾರೆ. ಕಾಯಿಲೆ ಬಹಳಷ್ಟು ಇಳಿದ ಮೇಲೂ ಈ ಲಕ್ಷಣ ಉಳಿದಿರಬಹುದು. ಶಾಂತವಾದ ಕೋಣೆಯಲ್ಲಿ ಸರಿಯಾಗಿದ್ದವರು ಗೋಣಿಕೊಪ್ಪದ ಸಂತೆಯಲ್ಲಿ ಎಡವುವುದು ಇದರಿಂದಲೇ: ಎರಡು ಕಡೆಯಿಂದ ಒಟ್ಟಿಗೆ ಸುದ್ದಿ ಬಂದಾಗ ಬಲಗಡೆಯದು ಗೆದ್ದುಬಿಡುತ್ತದೆ.

‘ನನಗೇನೂ ಆಗಿಲ್ಲ’ ಎಂಬ ಮಾತಿಗೆ ಬರೋಣ. ಫ್ರಾನ್ಸಿನ ನರವೈದ್ಯ ಜೋಸೆಫ್ ಬಾಬಿನ್ಸ್ಕಿ 1914ರಲ್ಲಿ ಇದನ್ನು ಗುರುತಿಸಿ ಅನೋಸೊಗ್ನೋಸಿಯಾ ಎಂದು ಕರೆದರು. ಕೊರತೆಯನ್ನು ಪತ್ತೆಹಚ್ಚಬೇಕಾದ ಮೆದುಳಿನ ಜಾಲವೇ ಕೆಟ್ಟಿರುವುದರಿಂದ ಕೊರತೆ ರೋಗಿಯ ಅರಿವಿಗೇ ಬರುವುದಿಲ್ಲ. ಕೆಲವರು ತಮ್ಮ ಎಡಗೈಯನ್ನೇ ‘ಇದು ಯಾರದೋ’ ಎನ್ನುತ್ತಾರೆ, ಹಾಸಿಗೆಯಿಂದ ತಳ್ಳಲು ನೋಡುತ್ತಾರೆ. ಗಾಳಿ ಸೋಕಿದೆ ಎಂದು ಹೆದರಿ ವಾರಗಟ್ಟಲೆ ಆಸ್ಪತ್ರೆಗೆ ಹೋಗದ ಮನೆಗಳಿವೆ. ಹರಕೆ ಹೊರುವುದಾದರೆ ಹೊರಿ, ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬಾರದು. ವಾದ ಮಾಡುವುದಂತೂ ನಿಷ್ಫಲ. ಗದರಿಸಿದರೆ ಅವರಿಗೆ ತಿಳಿಯುವುದು ನೀವು ಗದರಿಸಿದ್ದು ಮಾತ್ರ. ಇದರ ಬದಲು ಅವರು ಒಪ್ಪಿದರೆ ಊಟ ಮಾಡುವುದನ್ನೋ ನಡೆಯುವುದನ್ನೋ ಒಂದು ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಅದೇ ದಿನ ಜೊತೆಗೆ ಕೂತು ತೋರಿಸಿ. ಪರದೆಯ ಬಲ ಅರ್ಧದಲ್ಲಿ ತಟ್ಟೆಯ ಎಡಭಾಗ ಕಾಣುವಂತೆ ಎದುರಿನಿಂದ ತೆಗೆಯಿರಿ, ಇಲ್ಲವಾದರೆ ಅದೂ ಅವರ ಗಮನಕ್ಕೆ ಬೀಳದು. ಕೆಲಸ ಶುರುವಿಗೆ ಮೊದಲು ‘ಎಷ್ಟು ಸರಿ ಬರುತ್ತದೆ ಅನ್ನಿಸುತ್ತದೆ?’ ಎಂದು ಕೇಳಿ, ಮುಗಿದ ಮೇಲೆ ಇಬ್ಬರೂ ಸೇರಿ ನೋಡಿ. ಅರಿವು ಸಾಮಾನ್ಯವಾಗಿ ಅಲಕ್ಷ್ಯಕ್ಕಿಂತ ಬೇಗ ಮರಳುತ್ತದೆ. ಅದು ಮರಳುವ ಹೊತ್ತಿಗೆ ಖಿನ್ನತೆ ಬರುವುದುಂಟು. ಊಟ ನಿದ್ದೆ ಕೆಟ್ಟು ಎರಡು ವಾರ ಕಳೆದರೆ ವೈದ್ಯರಿಗೆ ಹೇಳಿ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಮನೆಯಲ್ಲಿ ಮಾಡಬೇಕಾದ್ದು ಬಹಳ ಇದೆ, ಹೆಚ್ಚು ಫಲ ಕೊಡುವುದೂ ಇದೇ. ಅಗಲವಾದ ಕೆಂಪು ಟೇಪ್ ತಂದು ಊಟದ ಮೇಜಿನ ಎಡ ಅಂಚು, ಅವರು ಓಡಾಡುವ ಬಾಗಿಲುಗಳ ಎಡ ಚೌಕಟ್ಟು, ಮೆಟ್ಟಿಲಿನ ಎಡ ಬದಿ ಇಷ್ಟಕ್ಕೂ ಅಂಟಿಸಿ. ‘ಎಡಗಡೆ ನೋಡಿ’ ಎಂಬ ಮಾತು ಅವರಿಗೆ ಅರ್ಧ ದೂರದಲ್ಲೇ ನಿಲ್ಲುತ್ತದೆ; ‘ಕೆಂಪು ಪಟ್ಟಿ ಕಾಣುವವರೆಗೆ ತಲೆ ತಿರುಗಿಸಿ’ ಎಂದರೆ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಗುರುತು ಸಿಗುತ್ತದೆ. ತಟ್ಟೆಯಲ್ಲಿ ಕಡಂಬುಟ್ಟು (ಅಕ್ಕಿಯ ಕಡುಬು) ಉಳಿದರೆ ತಟ್ಟೆ ತಿರುಗಿಸಿ ಕೊಡುವುದು ಸುಲಭ, ಆದರೆ ದಿನವೂ ಹಾಗೇ ಮಾಡಿದರೆ ಅವರು ಏನನ್ನೂ ಕಲಿಯುವುದಿಲ್ಲ. ಮೊದಲು ಪಟ್ಟಿ ಹುಡುಕಿಸಿ, ಆಗದಿದ್ದರೆ ಮಾತ್ರ ತಿರುಗಿಸಿ. ಊಟ ಮುಗಿದ ಕೂಡಲೇ ಎಡ ಕೆನ್ನೆಯೊಳಗೆ ಬೆರಳು ಹಾಕಿ ಅಥವಾ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಅನ್ನ ಸಿಕ್ಕಿಕೊಂಡದ್ದು ಅವರಿಗೆ ತಿಳಿಯದೆ, ಮಲಗಿದಾಗ ಶ್ವಾಸನಾಳಕ್ಕೆ ಇಳಿದು ನ್ಯೂಮೋನಿಯಾ ಆಗಬಹುದು.

ಪತ್ರಿಕೆ ಓದುವಾಗ ಪ್ರತಿ ಅಂಕಣದ ಎಡ ಅಂಚಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಡಿ. ಬೆಳಗಿನ ‘ಶಕ್ತಿ’ಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ. ಸಾಲಿನ ಮೊದಲ ಪದ ಬಿಟ್ಟರೆ ಅರ್ಥ ಕೆಡುತ್ತದೆ, ಕೆಟ್ಟದ್ದು ಅವರ ಕಿವಿಗೇ ಬೀಳುತ್ತದೆ, ತಾವಾಗಿ ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಹಾಗೆ ತಾವೇ ತಪ್ಪು ಹಿಡಿಯುವ ಅಭ್ಯಾಸಕ್ಕೆ ಬೆಲೆ ಹೆಚ್ಚು. ಇಪ್ಪತ್ತು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ಸಾಕು. ದಣಿದಾಗ ಅಲಕ್ಷ್ಯ ಹೆಚ್ಚಾಗುವುದರಿಂದ ಎರಡು ಗಂಟೆ ಕೂರಿಸಿ ಪ್ರಯೋಜನವಿಲ್ಲ.

ಮಾತಾಡುವವರು ಯಾವ ಕಡೆ ಕೂರಬೇಕು ಎಂಬ ಬಗ್ಗೆ ಗೊಂದಲ ಇದೆ. ಕುಡಿಯುವ ನೀರು, ಕರೆಗಂಟೆ, ಫೋನ್, ಮಾತ್ರೆ, ಅಂದರೆ ಸಿಗದಿದ್ದರೆ ಅಪಾಯ ಆಗುವಂಥವು ಬಲಗಡೆಯೇ ಇರಲಿ. ಟಿವಿ, ಮೊಮ್ಮಕ್ಕಳು, ಹರಟೆಗೆ ಬಂದವರು ಮಧ್ಯದಿಂದ ಶುರುಮಾಡಿ ವಾರ ವಾರ ಸ್ವಲ್ಪ ಎಡಕ್ಕೆ ಸರಿಯಲಿ. ಎಡಗಡೆಯಿಂದ ಹಠಾತ್ತಾಗಿ ಮುಟ್ಟಬೇಡಿ, ಬೆಚ್ಚಿ ಬೀಳುತ್ತಾರೆ. ಎಡಗೈಯನ್ನು ಕೆಲಸದಲ್ಲಿ ತೊಡಗಿಸಿ: ಲೋಟ ಬಲಗೈಯಲ್ಲಿದ್ದರೂ ಎಡಗೈ ಮೇಜಿನ ಮೇಲೆ ಕಣ್ಣಿಗೆ ಬೀಳುವಂತಿರಲಿ, ಆಗಾಗ ಬೆರಳು ಆಡಿಸಲು ಹೇಳಿ. ಎಡಗೈ ಅಲುಗಿದಾಗ ಎಡಗಡೆಯ ಗಮನವೂ ಸ್ವಲ್ಪ ಏಳುತ್ತದೆ. ಏಳಿಸುವಾಗ ಎಡ ತೋಳು ಹಿಡಿದು ಎಂದೂ ಎಳೆಯಬೇಡಿ, ಭುಜದ ಕೀಲು ಕೆಟ್ಟುಹೋಗುತ್ತದೆ.

ಬಟ್ಟೆ ತೊಡುವುದರಲ್ಲಿ ಅಲಕ್ಷ್ಯದ ಜೊತೆಗೆ ಇನ್ನೊಂದು ತೊಂದರೆಯೂ ಸೇರಿರುತ್ತದೆ. ಬಲ ಪೆರೈಟಲ್ ಪೆಟ್ಟಿನಲ್ಲಿ ಅಂಗಿಯ ಒಳಹೊರಗು, ಮೇಲುಕೆಳಗು ಇವುಗಳನ್ನು ತನ್ನ ದೇಹಕ್ಕೆ ಹೊಂದಿಸುವುದೇ ಆಗುವುದಿಲ್ಲ. ಅಂಗಿಯನ್ನು ಮಂಚದ ಮೇಲೆ ಒಂದೇ ರೀತಿ ಹರಡಿ, ಕಾಲರ್ ದೂರಕ್ಕೆ, ಬೆನ್ನು ಮೇಲಕ್ಕೆ. ಎಡ ತೋಳಿನ ತುದಿಗೆ ಕೆಂಪು ದಾರ ಹೊಲಿಯಿರಿ. ತೊಡುವಾಗ ಎಡಗೈ ಮೊದಲು, ಬಿಚ್ಚುವಾಗ ಎಡಗೈ ಕೊನೆಗೆ. ನಿಂತುಕೊಂಡು ಬೇಡ, ಕೈಯಿರುವ ಕುರ್ಚಿಯಲ್ಲಿ ಕೂತು ತೊಡಲಿ. ಮದುವೆಗೆ ಕೊಡವರ ಸಾಂಪ್ರದಾಯಿಕ ಉಡುಪು ಕುಪ್ಯ ಚೇಲೆ ತೊಡಿಸುವುದಾದರೆ ನೀವೇ ತೊಡಿಸಿ. ಇದೇ ತೊಂದರೆ ಇರುವ ಹೆಂಗಸರಿಗೆ ನೆರಿಗೆ ಹಿಂದಕ್ಕೆ ಬರುವ ಕೊಡಗಿನ ಸೀರೆ ಬಲು ಕಷ್ಟ. ಕಣ್ಣಿಗೆ ಕಾಣದ ಬೆನ್ನ ಹಿಂದೆ ಕೈ ಮಾಡುವ ಕೆಲಸಕ್ಕೆ ಬೇಕಾದ ದೇಹದ ನಕ್ಷೆಯೇ ಕೆಟ್ಟಿರುತ್ತದೆ. ಕೆಲವು ತಿಂಗಳು ಮುಂದೆ ಗುಂಡಿಯಿರುವ ಉಡುಪು ಒಳ್ಳೆಯದು.

ಬಚ್ಚಲಿನ ಹಂಡೆ, ಮಳೆಗಾಲದ ಒಲೆಯ ಮುಂದಿನ ಜಾಗ, ಇವೆರಡೂ ಸುಟ್ಟಗಾಯದ ತಾಣಗಳು. ಬಿಸಿ ಗೊತ್ತಾದರೂ ಎಡಗೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಎಂಬುದು ತಡವಾಗಿ ಹೊಳೆಯುತ್ತದೆ. ನೀರು ಬೇರೆಯವರು ಬೆರೆಸಲಿ, ಒಲೆ ಅವರ ಬಲಕ್ಕಿರುವಂತೆ ಕುರ್ಚಿ ಹಾಕಿ.

ತೋಟಕ್ಕೆ ಹೋಗಬಹುದೇ? ಜೊತೆಗೆ ಒಬ್ಬರಿದ್ದರೆ, ಅವರು ಎಡಗಡೆ ನಡೆದರೆ, ಸಮತಟ್ಟಾದ ದಾರಿಯಲ್ಲಿ ಹೋಗಬಹುದು, ಹೋಗಲಿ. ಒಂದು ಎಚ್ಚರ: ಕಣ್ಣಿನಿಂದ ಹಿಂದಕ್ಕೆ ಹೋಗುವ ದೃಷ್ಟಿತಂತುಗಳ ಒಂದು ಭಾಗ ಪೆರೈಟಲ್ ಲೋಬ್‌ನ ಆಳದಲ್ಲಿ ಹಾಯುತ್ತದೆ. ಅದಕ್ಕೂ ಪೆಟ್ಟಾಗಿದ್ದರೆ ಎರಡೂ ಕಣ್ಣಿನಲ್ಲಿ ಎಡ ಕೆಳಗಿನ ಕಾಲುಭಾಗದ ದೃಷ್ಟಿ ಹೋಗಿರುತ್ತದೆ. ಕಾಫಿ ಗಿಡಗಳ ನಡುವಿನ ತೊಟ್ಟಿಲು ಗುಂಡಿ, ಚರಂಡಿ, ಇಳಿಜಾರಿನ ಮೆಟ್ಟಿಲು ಇರುವುದು ಸರಿಯಾಗಿ ಆ ಜಾಗದಲ್ಲೇ. ಯಾವ ಕಡೆ ಎಷ್ಟು ಕಾಣುತ್ತದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಒಂದನ್ನು ಕಣ್ಣಿನ ವೈದ್ಯರಲ್ಲಿ ಮಾಡಿಸಿ. ಎಡಗಡೆಯಿಂದ ಬರುವ ಸದ್ದಿಗೂ ಗಮನ ಕಡಿಮೆ ಇರುವುದರಿಂದ ಆನೆ ಓಡಾಡುವ ತೋಟದಲ್ಲಿ ಒಂಟಿಯಾಗಿ ಬಿಡಲೇಬಾರದು. ಮೆಣಸು ಕುಯ್ಯುವ ಏಣಿ, ಕಳೆ ಕೊಚ್ಚುವ ಯಂತ್ರ, ಕತ್ತಿ ಇವು ಸದ್ಯಕ್ಕೆ ಬೇಡ.

ವಾಹನದ ಬಗ್ಗೆ ರಿಯಾಯಿತಿಯೇ ಇಲ್ಲ. ನಮ್ಮ ರಸ್ತೆಯಲ್ಲಿ ನಡೆಯುವವರು, ಸೈಕಲ್ಲು, ಶಾಲೆ ಮಕ್ಕಳು, ಚರಂಡಿ ಎಲ್ಲ ಇರುವುದು ಚಾಲಕನ ಎಡಕ್ಕೆ. ಗೆರೆ ಪರೀಕ್ಷೆ, ಸೊನ್ನೆ ಪರೀಕ್ಷೆ, ಫೀಲ್ಡ್ ಟೆಸ್ಟ್ ಎಲ್ಲವೂ ಸರಿಯಾಗಿ, ನ್ಯೂರಾಲಜಿಸ್ಟ್ ಬರೆದುಕೊಟ್ಟ ಮೇಲೂ ಮೊದಲು ಖಾಲಿ ಮೈದಾನದಲ್ಲಿ ಪಕ್ಕದಲ್ಲಿ ಒಬ್ಬರು ಕೂತು ನೋಡಬೇಕು. ಕೋವಿಯ ವಿಷಯ ಕೊಡಗಿನಲ್ಲಿ ಸೂಕ್ಷ್ಮ, ಅದು ಮನೆತನದ ಗೌರವ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಅವರ ಕೈಯಲ್ಲೇ ಹೂವಿಡಿಸಿ; ಸುಗ್ಗಿ ಹಬ್ಬ ಪುತ್ತರಿಗೆ ಗುಂಡು ಹಾರಿಸುವುದು ಮಾತ್ರ ಬೇರೆಯವರಾಗಲಿ. ನಳಿಕೆಯ ಎಡಗಡೆ ನಿಂತ ಮನುಷ್ಯ ಅವರ ಲೆಕ್ಕಕ್ಕೆ ಇಲ್ಲ ಎಂಬುದನ್ನು ಮರೆಯಬೇಡಿ.

ಎಡ ಲೋಬ್‌ಗೆ ಪೆಟ್ಟಾಗಿದ್ದರೆ ಚಿತ್ರ ಬೇರೆಯೇ ಇರುತ್ತಿತ್ತು. ಆಂಗುಲರ್ ಜೈರಸ್ ಕೆಟ್ಟಾಗ ಬರುವ ನಾಲ್ಕು ಲಕ್ಷಣಗಳ ಗುಂಪನ್ನು ವಿಯೆನ್ನಾದ ಜೋಸೆಫ್ ಗರ್ಸ್ಟ್‌ಮನ್ 1920ರ ದಶಕದಲ್ಲಿ ಗುರುತಿಸಿದರು: ಬರೆಯಲಾಗದು, ಲೆಕ್ಕ ಬಾರದು, ಯಾವ ಬೆರಳು ಯಾವುದೆಂದು ತಿಳಿಯದು, ಎಡಬಲ ಅದಲುಬದಲು. ನಾಲ್ಕೂ ಒಟ್ಟಿಗೆ ಸಿಗುವುದು ಅಪರೂಪ. ವರ್ಷಗಟ್ಟಲೆ 50 ಕೆಜಿ ಚೀಲದ ದರದ ಮೇಲೆ ಕಾಫಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮಾರಿದವರು 12 ಚೀಲಕ್ಕೆ ಎಷ್ಟಾಯಿತು ಎಂದು ಹೇಳಲಾಗದೆ ನಿಂತರೆ, 100ರಿಂದ 7 ಕಳೆದು 93, ಮತ್ತೆ 7 ಕಳೆದು 86 ಎಂದು ಹೋಗಲಾಗದಿದ್ದರೆ, ಈ ಜಾಗವನ್ನು ನೆನೆಯಬೇಕು. ಸುಪ್ರಾಮಾರ್ಜಿನಲ್ ಭಾಗಕ್ಕೆ ಪೆಟ್ಟಾದರೆ ಅರ್ಥವಾಗುತ್ತದೆ, ಮಾತೂ ಬರುತ್ತದೆ, ಹೇಳಿಕೊಟ್ಟ ವಾಕ್ಯವನ್ನು ಹಾಗೇ ತಿರುಗಿ ಹೇಳಲು ಆಗುವುದಿಲ್ಲ. ಇನ್ನು ಅಪ್ರಾಕ್ಸಿಯಾ: ಕೈಯಲ್ಲಿ ಬಲವಿದೆ, ಹೇಳಿದ್ದು ಅರ್ಥವಾಗಿದೆ, ಆದರೂ ‘ಬಾಚಣಿಗೆ ಹಿಡಿದು ತಲೆ ಬಾಚುವಂತೆ ಮಾಡಿ ತೋರಿಸಿ’ ಎಂದರೆ ಕೈ ದಾರಿ ತಪ್ಪುತ್ತದೆ. ಇದು ಎರಡೂ ಕೈಯಲ್ಲಿ ಕಾಣುತ್ತದೆ, ಏಕೆಂದರೆ ಕಲಿತ ಚಲನೆಗಳ ಯೋಜನೆ ಬಹುಪಾಲು ಜನರಲ್ಲಿ ಎಡಗಡೆಯೇ ಇದೆ. ಇವರಲ್ಲಿ ಮಾತು, ಬರಹ ಕೆಟ್ಟವರಿಗೆ ಸ್ಪೀಚ್ ಥೆರಪಿ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೊಡಗಿನವರಿಗೆ ಕೈಗೆಟುಕುವ ದೂರದಲ್ಲಿದೆ. ಪರೀಕ್ಷೆ ಮನೆಮಾತಿನಲ್ಲೇ ಆಗಬೇಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳ ಮಾತಾಡುವವರನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ ಇಲ್ಲದ ದೋಷ ಕಂಡೀತು. ಮನೆಯವರು ಜೊತೆಗಿದ್ದು ದುಭಾಷಿಯಾಗಲಿ, ಉತ್ತರ ಮಾತ್ರ ಹೇಳಿಕೊಡಬಾರದು.

ಎರಡೂ ಕಡೆಯ ಲೋಬ್‌ಗೆ ಪೆಟ್ಟಾಗುವುದು ವಿರಳ. ರಕ್ತದೊತ್ತಡ ಒಮ್ಮೆಲೇ ಬಿದ್ದಾಗ, ಎರಡು ರಕ್ತನಾಳಗಳ ಗಡಿಯಲ್ಲಿರುವ ಈ ಜಾಗ ಮೊದಲು ಒಣಗುತ್ತದೆ. ಹಂಗೇರಿಯ ನರವೈದ್ಯ ಬಾಲಿಂಟ್ 1909ರಲ್ಲಿ ವಿವರಿಸಿದ ಸ್ಥಿತಿ ಇದು. ಒಂದು ಹೊತ್ತಿಗೆ ಒಂದೇ ವಸ್ತು ಕಾಣುತ್ತದೆ, ಕಂಡದ್ದಕ್ಕೆ ಕೈ ಚಾಚಿದರೆ ಪಕ್ಕಕ್ಕೆ ಹೋಗುತ್ತದೆ. 50ರಿಂದ 65ರ ನಡುವಿನವರಲ್ಲಿ ಇಂಥದ್ದೇ ಲಕ್ಷಣ ವರ್ಷಗಳಲ್ಲಿ ನಿಧಾನವಾಗಿ ಬಂದು, ಕನ್ನಡಕ ಮೂರು ಸಲ ಬದಲಿಸಿದರೂ ಓದಲಾಗದಿದ್ದರೆ, ಕಣ್ಣು ಸರಿಯಿದೆ ಎಂದು ಕಣ್ಣಿನ ವೈದ್ಯರು ಹೇಳುತ್ತಲೇ ಇದ್ದರೆ, ಅಲ್ಜೈಮರ್‌ನ ಒಂದು ರೂಪವಾದ ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಇದೆಯೇ ಎಂದು ನೋಡಿಸಬೇಕು. ಅದರಲ್ಲಿ ಮೊದಮೊದಲು ನೆನಪು ಚೆನ್ನಾಗಿಯೇ ಇರುತ್ತದೆ.

ಹಂದಿ ಮಾಂಸದ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು, ಏಕೆಂದರೆ ಅರ್ಧ ಸತ್ಯ ತಿರುಗಾಡುತ್ತಿದೆ. ನಿಮ್ಮ ತಂದೆಯದು ಇನ್‌ಫಾರ್ಕ್ಟ್, ಅಂದರೆ ರಕ್ತ ಸಿಗದೆ ಸತ್ತ ಭಾಗ. ಹುಳುವಿಗೂ ಅದಕ್ಕೂ ಸಂಬಂಧವಿಲ್ಲ. ನ್ಯೂರೋಸಿಸ್ಟಿಸರ್ಕೋಸಿಸ್ ಬೇರೆ ಕಾಯಿಲೆ, ಸಾಮಾನ್ಯವಾಗಿ ಫಿಟ್ಸ್‌ನಿಂದ ಶುರುವಾಗುತ್ತದೆ, ಎಂಆರ್‌ಐನಲ್ಲಿ ನೀರ್ಗುಳ್ಳೆಯಾಗಿ ಕಾಣುತ್ತದೆ. ಅರೆಬೆಂದ ಹಂದಿ ಮಾಂಸದಲ್ಲಿರುವ ಮರಿ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮೆದುಳಿಗೆ ಹೋಗುವುದು ಆ ಲಾಡಿಹುಳು ಇರುವ ಮನುಷ್ಯನ ಮಲದಲ್ಲಿ ಬರುವ ಮೊಟ್ಟೆಯಿಂದ. ತೊಳೆಯದ ಕೈ, ಹಸಿ ಸೊಪ್ಪು ತರಕಾರಿ, ಕೆಟ್ಟ ನೀರು ಅದರ ದಾರಿ. ಹಾಗಾಗಿ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಬರುತ್ತದೆ. ಚೆನ್ನಾಗಿ ಬೇಯಿಸಿದ ಪಂದಿ ಕರಿಯಿಂದ ಹುಳು ಬರುವುದಿಲ್ಲ; ಹುಳುವನ್ನು ಕೊಲ್ಲುವುದು ಬೆಂಕಿ, ಅದಕ್ಕೆ ಹಾಕುವ ಹುಳಿಯಾದ ಕಾಚಂಪುಳಿಯಲ್ಲ. ಒಲೆ ಮೇಲೆ ಕಟ್ಟಿ ಒಣಗಿಸಿದ ಮಾಂಸವನ್ನೂ ಬೇಯಿಸಿಯೇ ತಿನ್ನಬೇಕು. ಲೈನ್ ಮನೆಗಳಿಗೆ ಶೌಚಾಲಯ, ಸೋಪು, ಶುದ್ಧ ನೀರು ಇರುವಂತೆ ನೋಡಿಕೊಳ್ಳುವುದು ತೋಟದ ಮಾಲೀಕರು ಈ ಕಾಯಿಲೆಗೆ ಮಾಡಬಹುದಾದ ದೊಡ್ಡ ತಡೆ.

ಸರಿಹೋಗುತ್ತದೆಯೇ? ಹೆಚ್ಚಿನ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಆಗುತ್ತದೆ, ಅಲ್ಲಿಂದ ಮುಂದೆ ವೇಗ ಇಳಿದರೂ ನಿಲ್ಲುವುದಿಲ್ಲ. ಕೆಲವರಲ್ಲಿ ಒಂದು ವರ್ಷದ ನಂತರವೂ ಸ್ವಲ್ಪ ಅಲಕ್ಷ್ಯ ಉಳಿಯುತ್ತದೆ. ನೀವು ಆರನೇ ವಾರದಲ್ಲಿದ್ದೀರಿ, ತುರುಸಿನಿಂದ ಕೆಲಸ ಮಾಡಬೇಕಾದ ಕಾಲ ಇದೇ. ಫಿಸಿಯೋಥೆರಪಿಗಿಂತ ಇಲ್ಲಿ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿ ಮುಖ್ಯ. ತಿಂಗಳಿಗೊಮ್ಮೆ ಮೈಸೂರಿಗೋ ಮಂಗಳೂರಿಗೋ ಹೋಗಿ ಕಲಿತು ಬಂದು ಮನೆಯಲ್ಲಿ ದಿನವೂ ಮಾಡಿದರೂ ಆಗುತ್ತದೆ. ದೃಷ್ಟಿಯನ್ನು ಸುಮಾರು 10 ಡಿಗ್ರಿ ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿ ಗುರಿ ಮುಟ್ಟಿಸುವ ಚಿಕಿತ್ಸೆ ಇದೆ. ಕನ್ನಡಕ ತೆಗೆದ ಮೇಲೆ ಕೈ ಮತ್ತು ಗಮನ ಕೆಲ ಹೊತ್ತು ಎಡಕ್ಕೆ ಸರಿಯುತ್ತವೆ. ಫಲಿತಾಂಶ ಮಿಶ್ರವಾಗಿದೆ, ಸಿಕ್ಕರೆ ಮಾಡಿಸಬಹುದು, ಸಿಗದಿದ್ದರೆ ಕೊರಗಬೇಕಿಲ್ಲ. ‘ಮೆದುಳಿನ ಟಾನಿಕ್’ಗಳಿಗೆ ಹಣ ಸುರಿಯಬೇಡಿ. ಆ ಹಣ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಮಾತ್ರೆಗೆ ಮತ್ತು ಕತ್ತಿನ ರಕ್ತನಾಳದ ಸ್ಕ್ಯಾನ್, ಹೃದಯದ ಬಡಿತವನ್ನು 24 ಗಂಟೆ ದಾಖಲಿಸುವ ಹಾಲ್ಟರ್ ಪರೀಕ್ಷೆಗೆ ಹೋಗಲಿ. ಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ಸಿಕ್ಕರೆ ಆಸ್ಪಿರಿನ್ ಸಾಲದು, ರಕ್ತ ತೆಳುಮಾಡುವ ಬೇರೆ ಔಷಧ ಬೇಕಾಗುತ್ತದೆ. ಅದನ್ನು ತೆಗೆದುಕೊಳ್ಳುವವರು ಬಾಗಿಲಿಗೆ ತಲೆ ತಾಗಿಸಿಕೊಂಡು, ಕೆಲ ವಾರಗಳ ನಂತರ ಮಂಕಾದರೆ ಅಥವಾ ತಲೆನೋವು ಎಂದರೆ, ತಲೆಬುರುಡೆಯೊಳಗೆ ರಕ್ತ ನಿಧಾನ ಕಟ್ಟಿರಬಹುದು. ತಡಮಾಡದೆ ಸಿಟಿ ಸ್ಕ್ಯಾನ್ ಮಾಡಿಸಿ.

ಎಡಗೈ ಬೆರಳಲ್ಲಿ ಶುರುವಾದ ಜುಮುಜುಮು ಸೆಕೆಂಡುಗಳಲ್ಲಿ ತೋಳು ಹತ್ತಿ ಮುಖಕ್ಕೆ ಬಂದು ಒಂದೆರಡು ನಿಮಿಷದಲ್ಲಿ ನಿಂತರೆ ಅದು ಫಿಟ್ಸ್ ಇರಬಹುದು. ಗಾಯವಾದ ಪೆರೈಟಲ್ ಲೋಬ್‌ನಲ್ಲಿ ತಿಂಗಳುಗಳ ನಂತರವೂ ಬರುತ್ತದೆ, ಮಾತ್ರೆಗೆ ಬಗ್ಗುತ್ತದೆ. ಜೋಮು, ಗೊಂದಲ, ದಾರಿ ತಪ್ಪುವುದು, ಇವು ಹರಡದೆ ಒಮ್ಮೆಲೇ ಬಂದರೆ ಇನ್ನೊಂದು ಸ್ಟ್ರೋಕ್ ಎಂದೇ ತಿಳಿಯಿರಿ. ಬಾಯಿ ಸೊಟ್ಟಗಾಗಲಿ, ಕೈ ಬೀಳಲಿ ಎಂದು ಕಾಯಬೇಡಿ, ಪೆರೈಟಲ್ ಸ್ಟ್ರೋಕ್‌ನಲ್ಲಿ ಅವೆರಡೂ ಇಲ್ಲದಿರಬಹುದು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ, ಅದರಲ್ಲಿ ಮೈಸೂರಿನ ದಾರಿಯೇ ಎರಡು ಗಂಟೆಗೂ ಹೆಚ್ಚು ನುಂಗುತ್ತದೆ, ಮಳೆಗಾಲದಲ್ಲಿ ಮರ ಬಿದ್ದರೆ ಇನ್ನೂ ಹೆಚ್ಚು. ನಿಮಗೆ ಹತ್ತಿರದಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ಮತ್ತು ಆ ಚುಚ್ಚುಮದ್ದು ಸಿಗುವ ಆಸ್ಪತ್ರೆ ಯಾವುದೆಂದು ಈಗಲೇ ಫೋನ್ ಮಾಡಿ ಕೇಳಿ, ಸಂಖ್ಯೆಯನ್ನು 108ರ ಜೊತೆಗೆ ಗೋಡೆಗೆ ಅಂಟಿಸಿ. ಹೊರಡುವಾಗ ಎಂಆರ್‌ಐ ವರದಿ, ಮಾತ್ರೆಗಳ ಪಟ್ಟಿ, ಹಿಂದಿನ ಸ್ಟ್ರೋಕ್ ಆದ ದಿನಾಂಕ, ಕೊನೆಯದಾಗಿ ಅವರು ಸರಿಯಾಗಿದ್ದುದನ್ನು ಯಾರು ಎಷ್ಟು ಗಂಟೆಗೆ ನೋಡಿದರು ಎಂಬ ಚೀಟಿ ಜೊತೆಗಿರಲಿ. ವೈದ್ಯರು ಮೊದಲು ಕೇಳುವುದು ಆ ಗಂಟೆಯನ್ನೇ.